ಜೀಪಿಗೆ ಗ್ಯಾಸ್: ಲೆಕ್ಕ ಮೊದಲು, ಸ್ಪ್ಯಾನರ್ ಆಮೇಲೆ

ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಮುಂದೆ ಬಿಳಿ ಜಿಪ್ಸಿಯೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಟೈರಿನ ತುಂಬಾ ಕೆಂಪು ಮಣ್ಣು. ಬಂದವರು ಮೂಡಿಗೆರೆ ಕಡೆಯ ಕಾಫಿ ತೋಟದ ಗೌಡರು. ಬಾನೆಟ್ಟಿನೊಳಗೆ ತಲೆ ಹಾಕಿರುವವರು ಮೇಸ್ತ್ರಿ.

"ಎಂತ ಮಾಡೋದು ಮೇಸ್ತ್ರಿ, ಪೆಟ್ರೋಲ್ ಹಾಕಿ ಹಾಕಿ ಮೆಣಸು ಮಾರಿದ ದುಡ್ಡೆಲ್ಲ ಬಂಕಿಗೇ ಹೋಯ್ತು. ಗ್ಯಾಸ್ ಹಾಕಿಸಿಬಿಡ್ಲಾ?"

"ಹಾಕಿಸ್ಬಹುದು ಗೌಡ್ರೆ. ಯಾವ ಟ್ಯಾಂಕು, ಎಲ್ಲಿ ತುಂಬಿಸ್ತೀರಿ, ದಿನಕ್ಕೆ ಎಷ್ಟು ಓಡಿಸ್ತೀರಿ? ಅದನ್ನ ಹೇಳಿ ಮೊದ್ಲು."

"ಟ್ಯಾಂಕು ಯಾಕೆ ಮಾರಾಯ? ನಮ್ಮ ಪಕ್ಕದ ತೋಟದವರು ಅಡುಗೆಮನೆ ಸಿಲಿಂಡರೇ ಹಿಂದೆ ಇಟ್ಕೊಂಡು ಓಡಿಸ್ತಾ ಇದ್ದಾರೆ."

ಮೇಸ್ತ್ರಿ ತಲೆ ಹೊರಗೆ ತೆಗೆದರು. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. "ಹಂಗಾದ್ರೆ ನನ್ನ ಗ್ಯಾರೇಜಿಗೆ ಗಾಡಿ ತರಬೇಡಿ ಗೌಡ್ರೆ" ಎಂದರು.

ಇದು ತೋಟದ ಮಾಲೀಕರೊಬ್ಬರ ಪೆಟ್ರೋಲ್ ಖರ್ಚಿನ ವಿಷಯ, ನಮಗೇನು ಎಂದು ಬಸ್ಸಿಗೆ ಕಾದು ನಿಂತವರು ಮುಖ ತಿರುಗಿಸುವಂತಿಲ್ಲ. ಕೊನೆಯ ಬಸ್ಸು ತಪ್ಪಿದ ರಾತ್ರಿ ಮಲೆನಾಡಿನ ಒಳಹಳ್ಳಿಗಳಿಗೆ ಜನ ಹೋಗುವುದು ಇಂಥ ಜೀಪುಗಳಲ್ಲೇ. ಸಂತೆಯ ದಿನ ಅಂಗಡಿ ಬಾಗಿಲಿಗೆ ಬಂದು ನಿಲ್ಲುವುದೂ ಇವೇ. ಹಿಂದಿನ ಸೀಟಿನ ಅಡಿಯಲ್ಲಿ ಏನಿದೆ ಎಂದು ಹತ್ತಿ ಕೂತವರು ಕೇಳುವುದಿಲ್ಲ. ಓಡಿಸುವವರು ಹೇಳುವುದೂ ಇಲ್ಲ.

ಅಂದು ಡೀಸೆಲ್, ಇಂದು ಗ್ಯಾಸ್

ಮಲೆನಾಡಿನ ತೋಟದ ದಾರಿಗೆ ನಾಲ್ಕು ಚಕ್ರವೂ ಎಳೆಯುವ ಗಾಡಿಯೇ ಬೇಕು. ಜೂನ್ ತಿಂಗಳ ಮಳೆಗೆ ಮಣ್ಣು ಕೊಚ್ಚೆಯಾದಾಗ ಎರಡು ಚಕ್ರದ ಎಳೆತದ ಕಾರು ಗೇಟಿನಲ್ಲೇ ನಿಲ್ಲುತ್ತದೆ. ಹಿಂದೆ ಈ ಕೆಲಸಕ್ಕೆ ಇದ್ದದ್ದು ವಿಲ್ಲಿಸ್ ಮಾದರಿಯ ಪೆಟ್ರೋಲ್ ಜೀಪು. ಕುಡಿಯುವುದರಲ್ಲಿ ಅದು ಕುದುರೆಯಲ್ಲ, ಆನೆ. 1973ರಲ್ಲಿ ಅರಬ್ ದೇಶಗಳು ತೈಲ ಬಿಗಿ ಹಿಡಿದು ಬೆಲೆ ಏರಿದ ಮೇಲೆ ಪೆಟ್ರೋಲ್ ಜೀಪು ಇಟ್ಟವರು ಕಂಗಾಲಾದರು. ಪೆಟ್ರೋಲ್ ಎಂಜಿನ್ ಕಿತ್ತು ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು ಮುಂದಿನ ದಿನಗಳಲ್ಲಿ ಗ್ಯಾರೇಜುಗಳ ದೊಡ್ಡ ಕಸುಬಾಯಿತು. ಹಳೆಯ ಮೇಸ್ತ್ರಿಗಳಿಗೆ ಅದು ಇನ್ನೂ ನೆನಪಿದೆ.

1985ರ ಕೊನೆಗೆ ಮಾರುತಿ ಜಿಪ್ಸಿ ಬಂತು. ಹಗುರವಾದ ಗಾಡಿ, ಗಟ್ಟಿ ಚಾಸಿಸ್, ಫೋರ್ ವೀಲ್, ಲೋ ಗೇರು. ಮೊದಲು 970 ಸಿ.ಸಿ. ಎಂಜಿನ್ ಇತ್ತು. 1996ರಲ್ಲಿ ಜಿಪ್ಸಿ ಕಿಂಗ್ ಎಂದು 1298 ಸಿ.ಸಿ. ಆಯಿತು. 2000ದಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು, 80 ಕುದುರೆ ಶಕ್ತಿ. 2019ರ ಹೊತ್ತಿಗೆ ಸಾಮಾನ್ಯರಿಗೆ ಮಾರಾಟ ನಿಂತಿತು. ಇಷ್ಟು ವರ್ಷದಲ್ಲೂ ಕಂಪನಿ ಅದಕ್ಕೆ ಡೀಸೆಲ್ ಎಂಜಿನ್ ಕೊಡಲೇ ಇಲ್ಲ. ಹಾಗಾಗಿ ಸೇನೆಯ ಹರಾಜಿನಲ್ಲಿ ಹಿಡಿದವರು, ಸೆಕೆಂಡ್ ಹ್ಯಾಂಡ್ ಕೊಂಡವರು ಎಲ್ಲರ ದೂರೂ ಒಂದೇ: ಗಾಡಿ ಬಂಗಾರ, ಪೆಟ್ರೋಲ್ ಭಾರ. ಗ್ಯಾಸಿನ ಆಸೆ ಹುಟ್ಟುವುದು ಇಲ್ಲಿಂದ.

ಏನಿದು ಗ್ಯಾಸ್?

ಮೊದಲು ಒಂದು ಗೊಂದಲ ಬಿಡಿಸಬೇಕು. ಪೇಟೆಯಲ್ಲಿ ಜನ "ಗ್ಯಾಸ್ ಗಾಡಿ" ಎಂದು ಒಂದೇ ಉಸಿರಿನಲ್ಲಿ ಹೇಳುವುದು ಎರಡು ಬೇರೆ ಬೇರೆ ವಸ್ತುಗಳನ್ನು. ಸಿಎನ್‌ಜಿ ಎಂದರೆ ಭೂಮಿಯಿಂದ ಬರುವ ಮೀಥೇನ್ ಅನಿಲ. ಅದನ್ನು ಸುಮಾರು 200 ಬಾರ್ ಒತ್ತಡದಲ್ಲಿ, ಅಂದರೆ ಕಾರಿನ ಟೈರಿನಲ್ಲಿ ಇರುವ ಗಾಳಿಯ ಒತ್ತಡದ ನೂರು ಪಟ್ಟು ಒತ್ತಿ, ದಪ್ಪ ಸಿಲಿಂಡರಿನಲ್ಲಿ ತುಂಬುತ್ತಾರೆ. ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತ ಅನಿಲ. ಟೈರಿನ ಮೂರು ನಾಲ್ಕು ಪಟ್ಟು ಒತ್ತಡ ಕೊಟ್ಟರೆ ಸಾಕು, ನೀರಿನಂತೆ ದ್ರವವಾಗುತ್ತದೆ. ಅಡುಗೆಮನೆಯಲ್ಲಿರುವುದು ಇದೇ ಜಾತಿ. ಬೆಂಗಳೂರಿನ ಆಟೋಗಳು ಲೆಕ್ಕವಿಲ್ಲದಷ್ಟು ಓಡಿದ್ದೂ ಇದರಲ್ಲೇ. ಗಾಡಿಗೆ ಮಾರುವುದನ್ನು ಆಟೋ ಎಲ್‌ಪಿಜಿ ಎನ್ನುತ್ತಾರೆ. ಅದಕ್ಕೆ ಬಂಕು ಬೇರೆ, ಬೆಲೆ ಬೇರೆ, ಕಾನೂನು ಬೇರೆ.

ಈ ಅನಿಲದ ಎರಡು ಗುಣಗಳನ್ನು ಎಲ್ಲರೂ ತಿಳಿದಿರಬೇಕು. ಒಂದು, ಇದು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಚರಂಡಿ, ಗ್ಯಾರೇಜಿನ ಗುಂಡಿ, ಅಂಗಡಿಯ ನೆಲಮಾಳಿಗೆ ಇದರ ತಂಗುದಾಣ. ಎರಡು, ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಇದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಮರ್ಕಾಪ್ಟಾನ್ ಎಂಬ ನಾತದ ವಸ್ತುವನ್ನು ಬೆರೆಸಿರುತ್ತಾರೆ. ಆ ನಾತ ನಮ್ಮನ್ನು ಕಾಯುವ ನಾಯಿ ಇದ್ದಂತೆ.

ಬಾನೆಟ್ಟಿನೊಳಗೆ ಏನೇನು?

ಸರಿಯಾಗಿ ಮಾಡಿದ ಕೆಲಸದಲ್ಲಿ ಪೆಟ್ರೋಲ್ ಎಂಜಿನ್ ಕೀಳುವುದಿಲ್ಲ, ಪೆಟ್ರೋಲ್ ಟ್ಯಾಂಕೂ ತೆಗೆಯುವುದಿಲ್ಲ. ಎರಡೂ ಇರುತ್ತವೆ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಒತ್ತಿದರೆ ಅದು, ಒತ್ತಿದರೆ ಇದು.

ಹಿಂದೆ ಉಕ್ಕಿನ ಟ್ಯಾಂಕು. ಅದರ ಬಾಯಿಗೆ ಮಲ್ಟಿ ವಾಲ್ವ್. ಇಡೀ ವ್ಯವಸ್ಥೆಯ ಕಾವಲುಗಾರ ಇದೇ. ಟ್ಯಾಂಕು ನೂರಕ್ಕೆ 80 ಭಾಗ ತುಂಬಿದೊಡನೆ ತಾನಾಗಿ ಬಾಗಿಲು ಹಾಕುತ್ತದೆ. ಬಿಸಿಲಿಗೆ ದ್ರವ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಉಳಿದ 20 ಭಾಗ ಖಾಲಿ ಇರುವುದು ಅದಕ್ಕೇ. ಪೈಪು ಒಡೆದು ಗ್ಯಾಸು ಒಮ್ಮೆಲೇ ನುಗ್ಗಿದರೂ ಇದು ಮುಚ್ಚಿಕೊಳ್ಳುತ್ತದೆ. ಒತ್ತಡ ಮಿತಿ ಮೀರಿದರೆ ಹೊರಗೆ ಬಿಡುವ ಸೇಫ್ಟಿ ವಾಲ್ವ್ ಕೂಡ ಇಲ್ಲೇ ಇರುತ್ತದೆ. ಇದೆಲ್ಲದರ ಸುತ್ತ ಅನಿಲ ಒಳಗೆ ಬಾರದಂತೆ ಮುಚ್ಚಿದ ಪೆಟ್ಟಿಗೆ. ಅದರಿಂದ ಗಾಡಿಯ ಅಡಿಗೆ, ಹೊರಗಾಳಿಗೆ ತೆರೆದ ಕೊಳವೆ.

ಅಲ್ಲಿಂದ ಲೋಹದ ಸಣ್ಣ ಪೈಪು ಚಾಸಿಸ್ಸಿನ ಪಕ್ಕದಲ್ಲಿ ಎಂಜಿನ್ನಿಗೆ ಬರುತ್ತದೆ. ಎಂಜಿನ್ ನಿಂತರೆ ವಿದ್ಯುತ್ ಕಡಿದು ಸೊಲೆನಾಯ್ಡ್ ವಾಲ್ವ್ ಗ್ಯಾಸನ್ನು ತಡೆಯುತ್ತದೆ. ಮುಂದೆ ವೇಪರೈಸರ್. ದ್ರವ ಅನಿಲವಾಗುವಾಗ ಸುತ್ತಲಿನ ಬಿಸಿಯನ್ನು ಹೀರಿ ವಿಪರೀತ ತಣ್ಣಗಾಗುತ್ತದೆ. ಅದಕ್ಕೆ ರೇಡಿಯೇಟರಿನ ಬಿಸಿನೀರನ್ನೇ ಇದರ ಸುತ್ತ ಹರಿಸುತ್ತಾರೆ. ಕೊನೆಗೆ ಕಾರ್ಬುರೇಟರ್ ಗಾಡಿಯಾದರೆ ಮಿಕ್ಸರ್ ಎಂಬ ಬಳೆಯಂಥ ವಸ್ತು ಗಾಳಿ-ಗ್ಯಾಸನ್ನು ಬೆರೆಸಿ ಎಂಜಿನ್ನಿಗೆ ಕೊಡುತ್ತದೆ. 2000ದ ನಂತರದ ಇಂಜೆಕ್ಷನ್ ಜಿಪ್ಸಿಗೆ ಈ ಬಳೆ ಒಪ್ಪುವುದಿಲ್ಲ. ಪ್ರತಿ ಸಿಲಿಂಡರಿಗೂ ಲೆಕ್ಕ ಹಾಕಿ ಗ್ಯಾಸು ಚಿಮ್ಮಿಸುವ, ಸ್ವಂತ ಕಂಪ್ಯೂಟರ್ ಇರುವ ಕಿಟ್ ಬೇಕು. ಬೆಲೆ ಜಾಸ್ತಿ, ಕೆಲಸ ನಾಜೂಕು.

ರೂಪಾಯಿ ಲೆಕ್ಕ

ಈಗ ಗೌಡರ ಪ್ರಶ್ನೆಗೆ ಬರೋಣ. ಉಳಿಯುತ್ತದೆಯೇ?

ಗ್ಯಾಸು ಲೀಟರಿಗೆ ಪೆಟ್ರೋಲಿನಷ್ಟು ಶಕ್ತಿ ಕೊಡುವುದಿಲ್ಲ. ಹಗುರವಾದ ದ್ರವ ಅದು. ಪೆಟ್ರೋಲಿನಲ್ಲಿ ಲೀಟರಿಗೆ 10 ಕಿ.ಮೀ. ಓಡುವ ಗಾಡಿ ಗ್ಯಾಸಿನಲ್ಲಿ ಸುಮಾರು 8 ಓಡುತ್ತದೆ ಎಂದು ಹಿಡಿಯಬೇಕು. ಅಂದರೆ ಗ್ಯಾಸಿನ ಬೆಲೆ ಪೆಟ್ರೋಲ್ ಬೆಲೆಯ ನೂರಕ್ಕೆ 80ಕ್ಕಿಂತ ಕೆಳಗಿದ್ದರೆ ಮಾತ್ರ ಲಾಭದ ಮಾತು. "ಅರ್ಧ ಬೆಲೆ, ಅರ್ಧ ಖರ್ಚು" ಎಂದು ಕಿಟ್ ಮಾರುವವರು ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದೇ ಒಳ್ಳೆಯದು.

ಲೆಕ್ಕ ಸುಲಭವಾಗಲೆಂದು ಪೆಟ್ರೋಲ್ ಲೀಟರಿಗೆ 100 ರೂ., ಗ್ಯಾಸು 64 ರೂ. ಎಂದು ಇಟ್ಟುಕೊಳ್ಳಿ. ಬಂಕಿನ ಬೋರ್ಡು ನೋಡಿ ಅಂದಂದಿನ ಅಂಕಿಯನ್ನು ನೀವೇ ಹಾಕಿಕೊಳ್ಳಬಹುದು. ಪೆಟ್ರೋಲಿನಲ್ಲಿ ಕಿ.ಮೀ.ಗೆ 10 ರೂ., ಗ್ಯಾಸಿನಲ್ಲಿ 8 ರೂ. ಉಳಿಯುವುದು ಕಿ.ಮೀ.ಗೆ 2 ರೂ. ಕಿಟ್, ಟ್ಯಾಂಕ್, ಕೂಲಿ, ಕಾಗದ ಎಲ್ಲ ಸೇರಿ 36,000 ರೂ. ಬಿತ್ತು ಎನ್ನಿ. ಹಾಕಿದ ದುಡ್ಡು ವಾಪಸು ಬರಲು 18,000 ಕಿ.ಮೀ. ಓಡಬೇಕು.

ದಿನಕ್ಕೆ 100 ಕಿ.ಮೀ. ಓಡುವ ಗಾಡಿಗೆ ಅದು 180 ದಿನ, ಆರು ತಿಂಗಳು. ದಿನಕ್ಕೆ 30 ಕಿ.ಮೀ. ಓಡಿದರೆ 600 ದಿನ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು 10 ಕಿ.ಮೀ. ಮಾತ್ರ ಓಡುವವರಿಗೆ 1,800 ದಿನ, ಸುಮಾರು ಐದು ವರ್ಷ. ಅಷ್ಟರಲ್ಲಿ ಟ್ಯಾಂಕಿನ ಪರೀಕ್ಷೆಯ ಗಡುವೂ ಬಂದಿರುತ್ತದೆ!

ಇನ್ನೂ ಒಂದು ಲೆಕ್ಕವಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಗ್ಯಾಸ್ ಬಂಕು ಎಷ್ಟು ದೂರ?

60 ಲೀಟರಿನ ಟ್ಯಾಂಕಿಗೆ ಹಿಡಿಸುವುದು 80 ಭಾಗ, ಅಂದರೆ 48 ಲೀಟರ್. ಬೆಲೆ 3,072 ರೂ. ಓಟ 384 ಕಿ.ಮೀ. ಬಂಕು 40 ಕಿ.ಮೀ. ದೂರವಿದ್ದು, ಗ್ಯಾಸಿಗಾಗಿಯೇ ಹೋಗಿ ಬಂದರೆ 80 ಕಿ.ಮೀ. ಅದಕ್ಕೇ ಖರ್ಚು. ಕೆಲಸಕ್ಕೆ ಉಳಿಯುವುದು 304 ಕಿ.ಮೀ. ಆ 304 ಕಿ.ಮೀ.ಯನ್ನು ಊರ ಬಂಕಿನ ಪೆಟ್ರೋಲಿನಲ್ಲೇ ಓಡಿಸಿದ್ದರೆ ಆಗುತ್ತಿದ್ದ ಖರ್ಚು 3,040 ರೂ. ಅಂದರೆ ಗ್ಯಾಸ್ ಹಾಕಿಸಿದವರಿಗೆ ಟ್ಯಾಂಕಿಗೆ 32 ರೂ. ನಷ್ಟ! ಕಿಟ್ಟಿನ ದುಡ್ಡು ಬೇರೆ. ಅದೇ ಬಂಕು 15 ಕಿ.ಮೀ. ದೂರದಲ್ಲಿದ್ದರೆ ಟ್ಯಾಂಕಿಗೆ 468 ರೂ. ಉಳಿತಾಯ. ಪೇಟೆಗೆ ಹೇಗೂ ವಾರಕ್ಕೊಮ್ಮೆ ಕೆಲಸದ ಮೇಲೆ ಹೋಗುವವರಾದರೆ ಪೂರಾ ಲಾಭ.

ಬೆಂಗಳೂರಿನ ಆಟೋದವರಿಗೆ ಒದಗಿದ ಲೆಕ್ಕ ಮೂಡಿಗೆರೆಯ ಜಿಪ್ಸಿಗೆ ಒದಗದೆ ಹೋಗುವುದು ಇಲ್ಲೇ. ಅವರಿಗೆ ಬಂಕು ದಾರಿಯಲ್ಲೇ ಸಿಗುತ್ತದೆ, ಓಟವೂ ಇಡೀ ದಿನ.

ಘಾಟಿ ಹತ್ತುವಾಗ

ಚಾರ್ಮಾಡಿಯ ತಿರುವಿನಲ್ಲಾಗಲಿ ಬಾಬಾಬುಡನ್‌ಗಿರಿಯ ಏರಿನಲ್ಲಾಗಲಿ ಗ್ಯಾಸಿನ ಗಾಡಿ ಹೇಗೆ? ಮಿಕ್ಸರ್ ಕಿಟ್ ಆದರೆ ಪಿಕಪ್ ಒಂದು ಮಟ್ಟಿಗೆ ಇಳಿಯುತ್ತದೆ. ಗ್ಯಾಸು ಗಾಳಿಯ ಜಾಗವನ್ನು ತಿನ್ನುತ್ತದೆ, ಮಿಕ್ಸರ್ ಕೂಡ ಗಾಳಿಗೆ ಅಡ್ಡ. ಲೋ ಗೇರಿನಲ್ಲಿ ನಿಧಾನಕ್ಕೆ ಹತ್ತುವಾಗ ಅಷ್ಟು ಗೊತ್ತಾಗುವುದಿಲ್ಲ. ಮೂರನೇ ಗೇರಿನಲ್ಲಿ ಲೋಡು ಎಳೆಯುವಾಗ ಗೊತ್ತಾಗುತ್ತದೆ. ಇಂಜೆಕ್ಷನ್ ಕಿಟ್ಟಿನಲ್ಲಿ ಈ ಕೊರತೆ ಕಡಿಮೆ.

ಒಳ್ಳೆಯ ಗುಣವೂ ಇದೆ. ಗ್ಯಾಸಿನ ಆಕ್ಟೇನ್ ಪೆಟ್ರೋಲಿಗಿಂತ ಮೇಲು. ಏರಿನಲ್ಲಿ ಎಂಜಿನ್ "ಟಣ್ ಟಣ್" ಎಂದು ಬಡಿದುಕೊಳ್ಳುವುದಿಲ್ಲ. ಮಸಿ ಕಡಿಮೆ, ಎಂಜಿನ್ ಆಯಿಲ್ ಬೇಗ ಕಪ್ಪಾಗುವುದಿಲ್ಲ.

ಆದರೆ ಹಳೆಯ ಎಂಜಿನ್ನಿಗೆ ಸುಮ್ಮನೆ ಗ್ಯಾಸು ಕಟ್ಟಿದರೆ ಆಗದು. ಪ್ಲಗ್ಗು, ಪ್ಲಗ್ ವೈರು ಸಡಿಲವಾಗಿದ್ದರೆ ಬೆಂಕಿ ಹಿಂದಕ್ಕೆ ಹೊಡೆದು ಏರ್ ಫಿಲ್ಟರ್ ಡಬ್ಬವನ್ನೇ ಸೀಳುತ್ತದೆ. ಗ್ಯಾಸು ಒಣಗಿದ ಇಂಧನ, ಹಳೆಯ ವಾಲ್ವ್ ಸೀಟುಗಳು ಸವೆಯುತ್ತವೆ. ಟ್ಯಾಪೆಟ್ ಸಂದನ್ನು ಆಗಾಗ ಅಳೆಯಬೇಕು. ರೇಡಿಯೇಟರಿನಲ್ಲಿ ನೀರು ಕಮ್ಮಿಯಾದರೆ ವೇಪರೈಸರ್ ಮೇಲೆ ಮಂಜು ಕಟ್ಟಿ ಗಾಡಿ ದಾರಿಯಲ್ಲೇ ನಿಲ್ಲುತ್ತದೆ. ಡಿಸೆಂಬರಿನ ಚಳಿ ಬೆಳಗಿನಲ್ಲಿ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಹೊರಳಬೇಕು. "ಗ್ಯಾಸ್ ಹಾಕಿಸಿದೆ" ಎಂದು ಪೆಟ್ರೋಲ್ ಟ್ಯಾಂಕು ಬರಿದು ಬಿಟ್ಟರೆ ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಪಂಪು ಸುಟ್ಟು ಹೋಗುತ್ತದೆ.

ಜಿಪ್ಸಿಯಲ್ಲಿ ಟ್ಯಾಂಕು ಇಡುವ ಜಾಗದ್ದೂ ಸಮಸ್ಯೆಯೇ. ಕಾರುಗಳಲ್ಲಿ ಸ್ಟೆಪ್ನಿಯ ಗುಂಡಿಯಲ್ಲಿ ಚಕ್ರದಾಕಾರದ ಟ್ಯಾಂಕು ಕೂರಿಸುತ್ತಾರೆ. ಜಿಪ್ಸಿಗೆ ಆ ಗುಂಡಿಯೇ ಇಲ್ಲ, ಸ್ಟೆಪ್ನಿ ಹಿಂದಿನ ಬಾಗಿಲಿಗೆ ನೇತಾಡುತ್ತದೆ. ಗಾಡಿಯ ಅಡಿಯಲ್ಲಿ ಕಟ್ಟಿದರೆ ನೆಲದಿಂದ 210 ಮಿ.ಮೀ. ಎತ್ತರವಿರುವ ಗಾಡಿಯ ಪ್ರಯೋಜನವೇ ಹೋಯಿತು, ತೋಟದ ಕಲ್ಲು ಮೊದಲು ತಾಗುವುದು ಟ್ಯಾಂಕಿಗೆ. ಉಳಿದದ್ದು ಹಿಂದಿನ ಸೀಟಿನ ಜಾಗ. ಅಲ್ಲಿ ಅಡ್ಡಲಾಗಿ, ಚಾಸಿಸ್ಸಿಗೆ ಬೋಲ್ಟ್ ಮಾಡಿ ಕೂರಿಸಬೇಕು. ಆಗ ಗೊಬ್ಬರದ ಮೂಟೆಗೂ ಆಳುಗಳಿಗೂ ಜಾಗ ಕಮ್ಮಿ.

ಅಡುಗೆಮನೆ ಸಿಲಿಂಡರಿನ ಕಥೆ

ಬಂಕು ದೂರ, ಕಿಟ್ ದುಬಾರಿ, ಜಾಗ ಕಮ್ಮಿ. ಆಗಲೇ ಕೆಲವರ ಕಣ್ಣು ಮನೆಯ 14.2 ಕೆ.ಜಿ. ಸಿಲಿಂಡರಿನ ಮೇಲೆ ಬೀಳುವುದು. ಮೇಸ್ತ್ರಿ ಕೈ ಒರೆಸಿಕೊಂಡು ಹಿಂದೆ ಸರಿದದ್ದೂ ಇದಕ್ಕೇ.

ಮನೆಯ ಸಿಲಿಂಡರು ನಿಂತುಕೊಂಡು ಅನಿಲ ಕೊಡಲು ಮಾಡಿದ್ದು. ಒಲೆಯ ಒಂದು ಬರ್ನರ್ ಗಂಟೆಗೆ ಕಾಲು ಕೆ.ಜಿ.ಯನ್ನೂ ಉರಿಸುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಜಿಪ್ಸಿಗೆ 5 ಲೀಟರ್ ಬೇಕು, ಅಂದರೆ ಎರಡೂವರೆ ಕೆ.ಜಿ.ಗೂ ಮೇಲೆ. ಹತ್ತು ಪಟ್ಟು! ಅಷ್ಟು ಅನಿಲ ಎಳೆದರೆ ಸಿಲಿಂಡರು ತಣ್ಣಗಾಗಿ ಬೆವರಿ, ಮಂಜು ಕಟ್ಟಿ, ಅನಿಲ ಕೊಡುವುದೇ ನಿಲ್ಲುತ್ತದೆ. ಅದಕ್ಕೆ ಜಾಣರು ಕಂಡುಕೊಂಡ ಉಪಾಯ ಸಿಲಿಂಡರನ್ನು ಮಲಗಿಸುವುದು, ಇಲ್ಲವೇ ತಲೆಕೆಳಗು ಮಾಡುವುದು. ಆಗ ಬರುವುದು ಅನಿಲವಲ್ಲ, ದ್ರವ. ಬರುವ ದಾರಿ ರಬ್ಬರ್ ಟ್ಯೂಬು. ಅಲ್ಲಿ ಮಲ್ಟಿ ವಾಲ್ವ್ ಇಲ್ಲ, ಪೈಪು ಒಡೆದರೆ ಮುಚ್ಚಿಕೊಳ್ಳುವ ಏರ್ಪಾಡಿಲ್ಲ, ಹೊರಗಾಳಿಗೆ ಬಿಡುವ ಪೆಟ್ಟಿಗೆಯಿಲ್ಲ. ಕಚ್ಚಾ ರಸ್ತೆಯಲ್ಲಿ ಜಿಪ್ಸಿ ಕುಣಿಯುವಾಗ ಆ ಟ್ಯೂಬೂ ಕುಣಿಯುತ್ತದೆ. ಮುಂದಿನ ಸೀಟಿನಲ್ಲಿ ಒಬ್ಬರು ಬೀಡಿ ಹಚ್ಚುತ್ತಾರೆ.

ಇನ್ನೊಂದು ವಿಧ, ಗಾಡಿಗೆ ಸರಿಯಾದ ಟ್ಯಾಂಕೇ ಇರುತ್ತದೆ. ಆದರೆ ತುಂಬುವುದು ಬಂಕಿನಲ್ಲಲ್ಲ, ಯಾವುದೋ ಶೆಡ್ಡಿನ ಹಿಂದೆ. ಮನೆಯ ಸಿಲಿಂಡರಿನಿಂದ ಮೋಟಾರು ಹಚ್ಚಿ ಗಾಡಿಗೆ ಎಳೆಯುತ್ತಾರೆ. ಮೋಟಾರಿನ ಸ್ವಿಚ್ಚಿನದು ಒಂದು ಕಿಡಿ, ನೆಲದ ಮೇಲೆ ಹರಿದಿರುವ ಅನಿಲ. ಇಷ್ಟು ಸಾಕು. ಸುಟ್ಟುಕೊಳ್ಳುವುದು ತುಂಬಿಸುವ ಹುಡುಗ, ಪಕ್ಕದ ಮನೆ, ಎದುರಿನ ಅಂಗಡಿ. ಗಾಡಿಯ ಮಾಲೀಕ ಹೆಚ್ಚಾಗಿ ಅಲ್ಲಿ ಇರುವುದೇ ಇಲ್ಲ.

ಕಾಗದ ಹೇಳುವುದೇನು?

ಗಾಡಿಗೆ ಎಲ್‌ಪಿಜಿ ಹಾಕುವುದು ಕಳ್ಳ ಕೆಲಸವೇನಲ್ಲ. 2000ದಿಂದಲೇ ನಮ್ಮ ದೇಶದಲ್ಲಿ ಅದಕ್ಕೆ ಒಪ್ಪಿಗೆಯಿದೆ. 2001ರಲ್ಲಿ ಮೋಟಾರು ವಾಹನಗಳಲ್ಲಿ ಎಲ್‌ಪಿಜಿ ಬಳಕೆಗೆಂದೇ ಪ್ರತ್ಯೇಕ ಆದೇಶ ಬಂತು. ಕಿಟ್ಟಿಗೆ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಮಂಜೂರಾತಿ ಬೇಕು. ಟ್ಯಾಂಕಿಗೆ ಸ್ಫೋಟಕ ಇಲಾಖೆಯ ಒಪ್ಪಿಗೆ ಬೇಕು, ಐದು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆಗೆ ಒಡ್ಡಬೇಕು. ಕೂರಿಸುವವರು ಅಧಿಕೃತರಾಗಿರಬೇಕು.

ಎಲ್ಲಕ್ಕಿಂತ ಮುಖ್ಯ ಆರ್.ಸಿ. ಅದರಲ್ಲಿ ಇಂಧನ "ಪೆಟ್ರೋಲ್" ಎಂದಷ್ಟೇ ಇದ್ದು ಗಾಡಿಯಲ್ಲಿ ಗ್ಯಾಸಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. 2019ರ ತಿದ್ದುಪಡಿಯ ನಂತರ ಹೀಗೆ ಗಾಡಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡೂ ಆಗಬಹುದು. ಮನೆಯ ಸಿಲಿಂಡರು ಬಳಸಿದರೆ ಅದು ಅಗತ್ಯ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ. ಅಲ್ಲಿ ಜೈಲು ಏಳು ವರ್ಷದವರೆಗೂ ಹೋಗುತ್ತದೆ.

ಇನ್ಶೂರೆನ್ಸಿಗೂ ತಿಳಿಸಬೇಕು. ಪ್ರೀಮಿಯಂ ಸ್ವಲ್ಪ ಏರುತ್ತದೆ. ತಿಳಿಸದೆ ಬೆಂಕಿ ಬಿದ್ದರೆ ಪರಿಹಾರ ಕೇಳುವಾಗ ಕಂಪನಿ ಮೊದಲು ತೆಗೆಯುವುದು ಆರ್.ಸಿ.ಯನ್ನೇ. ಬಿಳಿ ಬೋರ್ಡಿನ ಗಾಡಿಯಲ್ಲಿ ತಲೆಗಿಷ್ಟು ಎಂದು ಬಾಡಿಗೆಗೆ ಜನ ತುಂಬಿದ್ದರಂತೂ ಹತ್ತಿದವರ ಪಾಡು ದೇವರಿಗೇ ಪ್ರೀತಿ.

ಹೊಸ ಗಾಡಿಯವರಿಗೂ ಒಂದು ಮಾತು. ಬಿಎಸ್-6 ಪೆಟ್ರೋಲ್ ಗಾಡಿಗಳಿಗೆ ಕಿಟ್ ಹಾಕಲು 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಒಟ್ಟು ತೂಕ 3.5 ಟನ್ನಿಗಿಂತ ಕಡಿಮೆ ಇರಬೇಕು, ಆ ಮಾದರಿಗೆಂದೇ ಮಂಜೂರಾದ ಕಿಟ್ ಇರಬೇಕು. 2023ರಲ್ಲಿ ಬಂದ ಜಿಮ್ನಿಯೂ ಪೆಟ್ರೋಲ್ ಮಾತ್ರ. ಅದಕ್ಕೆ ಕೈ ಹಾಕುವ ಮೊದಲು ವಾರಂಟಿಯ ಕಾಗದ ಓದಿಕೊಳ್ಳಬೇಕು. 2020ರ ಪೆಟ್ರೋಲ್ ಥಾರ್ ಎಂಜಿನ್ನಿನಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಮಾಮೂಲಿ ಕಿಟ್ ಅದಕ್ಕೆ ಹೊಂದುವುದಿಲ್ಲ. ಹಳೆ ಜಿಪ್ಸಿಯವರು 15 ವರ್ಷ ದಾಟಿದ ಆರ್.ಸಿ. ನವೀಕರಣವಾಗಿದೆಯೇ, ಈ ಗಾಡಿಗೆ ಗ್ಯಾಸು ನಮೂದಿಸಿ ಕೊಡುತ್ತಾರೆಯೇ ಎಂಬುದನ್ನು ಆರ್‌ಟಿಓ ಕಚೇರಿಯಲ್ಲಿ ಕೇಳಿ ಆಮೇಲೆ ಮುಂಗಡ ಕೊಡಬೇಕು. ದುಡ್ಡು ಕೊಟ್ಟ ಮೇಲೆ ಕೇಳಿದರೆ ಉತ್ತರದಿಂದ ಪ್ರಯೋಜನವಿಲ್ಲ.

ಹತ್ತುವವರೂ ನೋಡಬೇಕು

ಪ್ರಯಾಣಿಕರೇನು ಮಾಡಬೇಕು? ಜೀಪು ಹತ್ತುವಾಗ ಒಮ್ಮೆ ಹಿಂದೆ ಕಣ್ಣು ಹಾಯಿಸಿದರೆ ಸಾಕು. ಚಾಸಿಸ್ಸಿಗೆ ಬೋಲ್ಟ್ ಮಾಡಿದ, ವಾಲ್ವಿಗೆ ಮುಚ್ಚಿದ ಪೆಟ್ಟಿಗೆಯಿರುವ ಟ್ಯಾಂಕಾದರೆ ಸರಿ. ಗೋಣಿ ಹೊದಿಸಿದ ಕೆಂಪು ಸಿಲಿಂಡರು, ರಬ್ಬರ್ ಟ್ಯೂಬು ಕಂಡರೆ ಇಳಿಯಿರಿ. ನಾತ ಬಂದರೆ "ಅದು ಹಂಗೇ ಸಾರ್, ಏನೂ ಆಗಲ್ಲ" ಎನ್ನುವ ಮಾತಿಗೆ ಮರುಳಾಗಬೇಡಿ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಸರಿಯಬೇಕು. ಟ್ಯಾಂಕಿನ ಕೈವಾಲ್ವ್ ಮುಚ್ಚಬೇಕು. ಮತ್ತೆ ಸ್ಟಾರ್ಟ್ ಮಾಡಿ ನೋಡಬಾರದು.

ಅಂಗಡಿಯವರಿಗೆ ಹೇಳುವುದಾದರೆ, ಬಾಗಿಲ ಮುಂದೆ ನಿಂತ ಗಾಡಿಯಿಂದ ನಾತ ಬಂದರೆ ಮೊದಲು ದೀಪ, ಊದುಬತ್ತಿ ಆರಿಸಿ. ಲೈಟಿನ ಸ್ವಿಚ್ಚು ಹಾಕಲೂ ಬೇಡಿ, ತೆಗೆಯಲೂ ಬೇಡಿ. ಅನಿಲ ಚರಂಡಿಯ ಜಾಡು ಹಿಡಿದು ನಾಲ್ಕು ಅಂಗಡಿ ಆಚೆಗೂ ಹೋಗುತ್ತದೆ. ಹಾಗಾಗಿ ಪಕ್ಕದವರಿಗೂ ಕೂಗಿ ಹೇಳಿ. ಗ್ಯಾಸ್ ಸೋರಿಕೆಗೆ 1906, ಬೆಂಕಿ ಬಿದ್ದರೆ 112. ದೂರ ಹೋಗಿ ಫೋನ್ ಮಾಡಿ.

ಗ್ಯಾರೇಜಿನ ಮುಂದೆ ಮಾತು ಮುಗಿಯುವಷ್ಟರಲ್ಲಿ ಗೌಡರ ಕಾಫಿ ತಣ್ಣಗಾಗಿತ್ತು. ಮೇಸ್ತ್ರಿ ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಬರೆದು ತೋರಿಸಿದರು. ತೋಟದಿಂದ ಪೇಟೆಗೆ ಎಷ್ಟು, ಬಂಕಿಗೆ ಎಷ್ಟು, ತಿಂಗಳಿಗೆ ಎಷ್ಟು ಓಟ.

"ತಿಂಗಳಿಗೆ ಎಷ್ಟು ಓಡ್ತದೆ ಅಂತ ನಾನು ಬರೆದಿಟ್ಟೇ ಇಲ್ಲವಲ್ಲ ಮೇಸ್ತ್ರಿ" ಎಂದರು ಗೌಡರು.

"ಒಂದು ತಿಂಗಳು ಬರೀರಿ. ಆಮೇಲೆ ಬನ್ನಿ. ಲೆಕ್ಕ ಕೂಡಿ ಬಂದ್ರೆ ಆರ್‌ಟಿಓಗೆ ಕೇಳಿ, ಕಾಗದ ಸಮೇತ ಹಾಕೋಣ. ಇಲ್ಲಾಂದ್ರೆ ಪ್ಲಗ್ಗು ಕ್ಲೀನ್ ಮಾಡಿ, ಟೈರಿಗೆ ಗಾಳಿ ಸರಿ ಇಟ್ಟು ಕೊಡ್ತೀನಿ. ಅದರಲ್ಲೇ ನಿಮಗೆ ಸ್ವಲ್ಪ ಉಳೀತದೆ."

"ಮತ್ತೆ ಪಕ್ಕದ ತೋಟದವರದು?"

"ಅವರಿಗೆ ನೀವೇ ಹೇಳಿ ಗೌಡ್ರೆ. ಸಂತೆ ದಿನ ಅವರ ಜೀಪಿನ ಹಿಂದೆ ನಿಮ್ಮ ತೋಟದ ಆಳುಗಳೂ ಕೂತಿರ್ತಾರೆ."

ಗೌಡರು ಬಾನೆಟ್ ಇಳಿಸಿದರು. ಮೀಟರಿನ ಅಂಕಿಯನ್ನು ಅದೇ ಸಿಗರೇಟ್ ಪ್ಯಾಕಿನ ಮೇಲೆ ಬರೆದುಕೊಂಡು, ಪೆಟ್ರೋಲಿನಲ್ಲೇ ಗಾಡಿ ಸ್ಟಾರ್ಟ್ ಮಾಡಿ ಹೊರಟರು.